ಇಳಿವಯಸ್ಸಿನ ಕಲಿಕೆ: ಏತಕ್ಕಾಗಿ?

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?' ಎಂಬುದು ನಾವೆಲ್ಲ ಬಾಲ್ಯದಿಂದ ಕೇಳುತ್ತ ಬಂದ ಗಾದೆ. 'ಅರವತ್ತಕ್ಕೆ ಅರಳು ಮರಳು' ಎಂಬುದು ಇನ್ನೊಂದು. 'ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ' ಎಂಬುದು ಇವೆರಡಕ್ಕಿಂತಲೂ ಕಠೋರವಾದ ಮೂರನೆಯದು. ಈ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ, ಮುಪ್ಪನ್ನು ಕುರಿತು ನಮ್ಮ ಸಮಾಜ ಎಂದೋ ಮಾಡಿ ಮುಗಿಸಿದ ತೀರ್ಮಾನವೊಂದು ಕಣ್ಣಿಗೆ ಬೀಳುತ್ತದೆ. ಕಲಿಯುವುದು ಎಳೆಯರ ಕೆಲಸ, ದುಡಿಯುವುದು ನಡುವಯಸ್ಸಿನವರ ಕೆಲಸ. ವಯೋವೃದ್ಧರಿಗೆ ಉಳಿದಿರುವುದು ವಿಶ್ರಾಂತಿ, ಔಷಧಿ ಮತ್ತು ಕಾಯುವಿಕೆ.

ಆದರೆ ಗಾದೆಯ ಮಾತನ್ನು ಬೇರೆಯಾಗಿಯೂ ಕೇಳಿಸಿಕೊಳ್ಳಬಹುದು. ವರಕವಿ ದ. ರಾ. ಬೇಂದ್ರೆಯವರು ತಮ್ಮ ಅರವತ್ತರ ಆಸುಪಾಸಿನಲ್ಲಿ ಕವನಗಳ ಗ್ರಂಥವೊಂದಕ್ಕೆ ಇದೇ 'ಅರಳು ಮರಳು' ಎಂಬ ಹೆಸರನ್ನಿಟ್ಟರು. 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಸಂದಿತು. ಬುದ್ಧಿ ಮಂಕಾಗುವುದನ್ನು ಸೂಚಿಸಲು ಬಳಸುವ ಮಾತಿನೊಳಗೇ 'ಮರಳಿ ಅರಳುವುದು' ಎಂಬ ಅರ್ಥವೂ ಅಡಗಿದೆ. ಇವೆರಡರಲ್ಲಿ ಯಾವುದು ನಿಜ? ಬದುಕಿನ ಕೊನೆಯ ಹಂತದಲ್ಲಿರುವ ಮನುಷ್ಯ ಹೊಸದಾಗಿ ಏನನ್ನಾದರೂ ಕಲಿಯಬೇಕೇ? ಕಲಿತರೂ ಅದರಿಂದ ಯಾರಿಗೆ ಏನು ಪ್ರಯೋಜನ? ಮೇಲ್ನೋಟಕ್ಕೆ ಸರಳವಾಗಿ ಕಾಣುವ ಈ ಪ್ರಶ್ನೆ ನಮ್ಮ ಅನೇಕ ನಂಬಿಕೆಗಳ ಬುಡವನ್ನೇ ಅಲುಗಿಸಬಲ್ಲದು.

ಪಶ್ಚಿಮದ ಕೆಲವು ದೇಶಗಳು ಈ ಪ್ರಶ್ನೆಯನ್ನು ಕಳೆದ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಕಾರ್ಯರೂಪದಲ್ಲಿಯೇ ಎದುರಿಸುತ್ತ ಬಂದಿವೆ. 1962ರಲ್ಲಿ ನ್ಯೂಯಾರ್ಕ್ ನಗರದ ನ್ಯೂ ಸ್ಕೂಲ್ ಎಂಬ ವಿದ್ಯಾಸಂಸ್ಥೆಯಲ್ಲಿ ನಿವೃತ್ತರಿಗೆಂದೇ ಒಂದು ಕಲಿಕಾ ಕೂಟ ಆರಂಭವಾಯಿತು. 1973ರಲ್ಲಿ ಫ್ರಾನ್ಸ್ ದೇಶದ ತುಲೂಸ್ ನಗರದಲ್ಲಿ ಪಿಯೆರ್ ವೆಲ್ಲಾಸ್ ಎಂಬ ಪ್ರಾಧ್ಯಾಪಕರು 'ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ' ಎಂಬ ಹೆಸರಿನಲ್ಲಿ ವೃದ್ಧರಿಗಾಗಿ ಉಪನ್ಯಾಸಗಳನ್ನು ಏರ್ಪಡಿಸಿದರು. 1975ರ ಬೇಸಿಗೆಯಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ 5 ಕಾಲೇಜುಗಳು ರಜೆಯಲ್ಲಿ ಖಾಲಿಯಿದ್ದ ತಮ್ಮ ಕೊಠಡಿಗಳಲ್ಲಿ 220 ಮಂದಿ ಹಿರಿಯರಿಗೆ ಊಟ, ವಸತಿ, ಪಾಠಗಳನ್ನು ಒದಗಿಸಿದವು. 'ಎಲ್ಡರ್‌ಹಾಸ್ಟೆಲ್' ಎಂಬ ಹೆಸರಿನಲ್ಲಿ ಹುಟ್ಟಿದ ಆ ಸಂಸ್ಥೆ 2010ರಿಂದ 'ರೋಡ್ ಸ್ಕಾಲರ್' ಎಂದು ಹೆಸರು ಬದಲಿಸಿಕೊಂಡು ಇಂದಿಗೂ ನಡೆಯುತ್ತಿದೆ. 2001ರಿಂದ ಬರ್ನಾರ್ಡ್ ಆಶರ್ ಪ್ರತಿಷ್ಠಾನದ ನೆರವಿನಿಂದ ಅಮೆರಿಕದ 120ಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳಲ್ಲಿ 50 ವರ್ಷ ಮೀರಿದವರ ಕಲಿಕಾ ಕೇಂದ್ರಗಳು ತಲೆಯೆತ್ತಿದವು.

ಇದರ ಜೊತೆಯಲ್ಲಿಯೇ ನಿವೃತ್ತರ ವಸತಿ ಸಮುದಾಯಗಳು ಬೆಳೆದವು. ಒಂದೇ ಆವರಣದಲ್ಲಿ ಸ್ವತಂತ್ರವಾಗಿ ಬದುಕಬಲ್ಲ ಹಿರಿಯರಿಗೆ ಮನೆಗಳು, ಸ್ವಲ್ಪ ನೆರವು ಬೇಕಾದವರಿಗೆ ಕೊಠಡಿಗಳು, ಹಾಸಿಗೆ ಹಿಡಿದವರಿಗೂ ಮರೆವಿನ ಕಾಯಿಲೆಗೆ ತುತ್ತಾದವರಿಗೂ ಶುಶ್ರೂಷಾ ವಿಭಾಗ ಇರುವುದು ಅವುಗಳಲ್ಲಿ ಅನೇಕವುಗಳ ಸ್ವರೂಪ. ಇಂಥ ಸಮುದಾಯಗಳಲ್ಲಿ ಉಪನ್ಯಾಸ ಮಾಲಿಕೆ ಈಗ ಊಟದ ಮನೆಯಷ್ಟೇ ಸಾಮಾನ್ಯವಾದ ಸೌಲಭ್ಯ. ಬಾಸ್ಟನ್ ನಗರದ ಸಮೀಪದ ನ್ಯೂಟನ್‌ನಲ್ಲಿ ಲಸೆಲ್ ವಿದ್ಯಾಸಂಸ್ಥೆಯ ಆವರಣದಲ್ಲಿಯೇ 2000ದಲ್ಲಿ ಆರಂಭವಾದ 'ಲಸೆಲ್ ವಿಲೇಜ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ನೆಲೆಸಬಯಸುವವರು ವರ್ಷಕ್ಕೆ 450 ಗಂಟೆಗಳನ್ನು ಕಲಿಕೆಗೂ ದೇಹಕ್ಷಮತೆಯ ಚಟುವಟಿಕೆಗಳಿಗೂ ಮೀಸಲಿಡುವುದಾಗಿ ಒಪ್ಪಿಕೊಳ್ಳಬೇಕು. ವಾರಕ್ಕೆ ಎಂಟೂವರೆ ಗಂಟೆಗೂ ಹೆಚ್ಚಾಯಿತು! ಕೆಲವು ತರಗತಿಗಳಲ್ಲಿ ಎಂಬತ್ತರ ಅಜ್ಜಿಯೂ ಇಪ್ಪತ್ತರ ವಿದ್ಯಾರ್ಥಿಯೂ ಒಂದೇ ಸಾಲಿನಲ್ಲಿ ಕುಳಿತಿರುತ್ತಾರೆ.

ಇಂಥ ಒಂದು ಸಭಾಂಗಣವನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳೋಣ. ಸಾಲುಗಳ ಪಕ್ಕದಲ್ಲಿ ಊರುಗೋಲುಗಳು, ಗಾಲಿಕುರ್ಚಿಗಳು. ಕಿವಿಯ ಯಂತ್ರ ಸರಿಪಡಿಸಿಕೊಳ್ಳುತ್ತಿರುವ ಕೈಗಳು. ವೇದಿಕೆಯ ಮೇಲೆ ಒಬ್ಬ ಪ್ರಾಧ್ಯಾಪಕ. ಇಂದಿನ ವಿಷಯ ನಕ್ಷತ್ರಗಳ ಹುಟ್ಟುಸಾವು ಇರಬಹುದು, ಸಂವಿಧಾನದ ಒಂದು ತಿದ್ದುಪಡಿ ಇರಬಹುದು, ಮೊಜಾರ್ಟ್‌ನ ಸಂಗೀತವಿರಬಹುದು. ಹಾಜರಿ ಪುಸ್ತಕವಿಲ್ಲ, ಪರೀಕ್ಷೆಯಿಲ್ಲ, ಪದವಿಯಿಲ್ಲ. ಇಲ್ಲಿ ಕಲಿತದ್ದರಿಂದ ಯಾರಿಗೂ ಕೆಲಸ ಸಿಗುವುದಿಲ್ಲ, ಬಡ್ತಿ ದೊರೆಯುವುದಿಲ್ಲ. ಕೇಳಿದವರಲ್ಲಿ ಕೆಲವರು ಸಂಜೆಯ ಹೊತ್ತಿಗೆ ಅರ್ಧವನ್ನು ಮರೆತಿರುತ್ತಾರೆ. ಕೆಲವರು ಮುಂದಿನ ವರ್ಷದ ಉಪನ್ಯಾಸ ಮಾಲಿಕೆಯ ಹೊತ್ತಿಗೆ ಇರಲಿಕ್ಕಿಲ್ಲ. ಹೀಗಿದ್ದೂ ಅವರು ಬಂದು ಕುಳಿತಿದ್ದಾರೆ. ಏತಕ್ಕಾಗಿ?

ಮೊದಲಿಗೆ ಹೊಳೆಯುವ ಉತ್ತರ, 'ಹೊತ್ತು ಹೋಗಬೇಕಲ್ಲ!' ಎಂಬುದು. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಸಂಗಾತಿಯನ್ನು ಕಳೆದುಕೊಂಡವರಿಗೆ, ಮಕ್ಕಳು ದೂರವಿರುವವರಿಗೆ ಮಧ್ಯಾಹ್ನವೆಂಬುದು ಬಹಳ ದೀರ್ಘವಾದ ಕಾಲ. ಅದನ್ನು ನಾಲ್ಕು ಜನರ ನಡುವೆ ಕಳೆಯುವ ಅವಕಾಶ ಸಣ್ಣ ಉಪಕಾರವೇನಲ್ಲ. ಆದರೆ ಹೊತ್ತು ಕಳೆಯುವುದೊಂದೇ ಉದ್ದೇಶವಾದರೆ ಉಪನ್ಯಾಸಕ್ಕೂ ಇಸ್ಪೀಟಿಗೂ ವ್ಯತ್ಯಾಸವೇನು? ಇನ್ನೂ ಒಂದು ಮಾತಿದೆ. ಕಳೆಯಬೇಕಾದದ್ದು ಹೊರೆ ಮಾತ್ರ. ಹಿರಿಯರ ಸಮಯವನ್ನು 'ಕಳೆಯಬೇಕಾದ' ವಸ್ತು ಎಂದು ಭಾವಿಸುವವರು, ಅರಿತೋ ಅರಿಯದೆಯೋ, ಅವರ ಉಳಿದ ಬದುಕನ್ನೇ ಹೊರೆಯೆಂದು ಭಾವಿಸಿದಂತಾಯಿತು. ವಾಸ್ತವದಲ್ಲಿ ಯಾರಿಗೆ ಕಾಲ ಕಡಿಮೆ ಉಳಿದಿದೆಯೋ ಅವರ ಒಂದೊಂದು ಗಂಟೆಯೂ ನಮ್ಮ ಗಂಟೆಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಎರಡನೆಯ ಉತ್ತರ ವೈದ್ಯಕೀಯವಾದದ್ದು: ಕಲಿಕೆ ಮಿದುಳಿಗೆ ವ್ಯಾಯಾಮ, ಮರೆವಿನ ಕಾಯಿಲೆಗೆ ತಡೆ. ಈ ವಿಷಯದಲ್ಲಿ ಕಥೋಲಿಕ ಕನ್ಯಾಸ್ತ್ರೀಯರು ಮನುಕುಲಕ್ಕೆ ಸಲ್ಲಿಸಿದ ಸೇವೆಯೊಂದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಅಮೆರಿಕದಲ್ಲಿ 1986ರಲ್ಲಿ ಡೇವಿಡ್ ಸ್ನೋಡನ್ ಎಂಬ ವಿಜ್ಞಾನಿ ಆರಂಭಿಸಿದ ಸಂಶೋಧನೆಯಲ್ಲಿ 'ಸ್ಕೂಲ್ ಸಿಸ್ಟರ್ಸ್ ಆಫ್ ನೋತ್ರ್ ದಾಮ್' ಸಭೆಯ, 75 ಮತ್ತು ಅದಕ್ಕೂ ಮೇಲ್ಪಟ್ಟ ವಯಸ್ಸಿನ 678 ಭಗಿನಿಯರು ಪಾಲ್ಗೊಂಡರು. ತಮ್ಮ ನೆನಪಿನ ಶಕ್ತಿಯನ್ನು ಕಾಲಕಾಲಕ್ಕೆ ಪರೀಕ್ಷೆಗೆ ಒಡ್ಡಿದ್ದಲ್ಲದೆ, ಮರಣಾನಂತರ ತಮ್ಮ ಮಿದುಳನ್ನೂ ಅಧ್ಯಯನಕ್ಕೆ ನೀಡಲು ಒಪ್ಪಿದರು. ಕೆಲವರ ಮಿದುಳಿನಲ್ಲಿ ಆಲ್ಝೈಮರ್ ಕಾಯಿಲೆಯ ಗುರುತುಗಳು ಇದ್ದರೂ ಬದುಕಿರುವಾಗ ಅದರ ಲಕ್ಷಣಗಳು ಹೊರಗೆ ಕಾಣಿಸಿಕೊಂಡಿರಲಿಲ್ಲ ಎಂಬುದು ಆಗ ತಿಳಿದುಬಂತು. 2024ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯ ಆಯೋಗವು ಡಿಮೆನ್ಷಿಯಾ ಬರುವ ಸಂಭವವನ್ನು ಹೆಚ್ಚಿಸುವ, ಆದರೆ ನಾವು ಪ್ರಯತ್ನಿಸಿದರೆ ತಗ್ಗಿಸಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿತು. ಬಾಲ್ಯದ ಶಿಕ್ಷಣದ ಕೊರತೆ, ಕಿವಿ ಮತ್ತು ಕಣ್ಣಿನ ದೋಷ, ಜನಸಂಪರ್ಕವಿಲ್ಲದ ಒಂಟಿತನ ಅವುಗಳಲ್ಲಿ ಸೇರಿವೆ.

ಈ ಉತ್ತರವೂ ಗೌರವಕ್ಕೆ ಅರ್ಹವಾದದ್ದೇ. ಆದರೆ ಇದೊಂದನ್ನೇ ನೆಚ್ಚಿಕೊಂಡರೆ ಎರಡು ಅಪಾಯಗಳಿವೆ. ಒಂದು, ಸಂಗೀತವನ್ನೂ ಇತಿಹಾಸವನ್ನೂ ನಾವು ಮಾತ್ರೆಯಂತೆ ನುಂಗಿಸತೊಡಗುತ್ತೇವೆ. ನಕ್ಷತ್ರಗಳು ನಮ್ಮ ರಕ್ತದೊತ್ತಡಕ್ಕಾಗಿ ಹೊಳೆಯತೊಡಗುತ್ತವೆ. ಇನ್ನೊಂದು ಇದಕ್ಕಿಂತ ಗಂಭೀರವಾದದ್ದು. ಕಲಿಕೆಯೇ ಔಷಧಿಯೆಂದಾದರೆ, ಕಾಯಿಲೆ ಬಂದವರು ಸರಿಯಾಗಿ ಔಷಧಿ ಸೇವಿಸಲಿಲ್ಲವೆಂಬ ಆರೋಪಕ್ಕೆ ಗುರಿಯಾಗುತ್ತಾರೆ. ಜೀವನವಿಡೀ ಓದಿದ, ಕಲಿಸಿದ, ಬರೆದ ಅದೆಷ್ಟೋ ಮಂದಿಗೂ ಮರೆವಿನ ಕಾಯಿಲೆ ಬಂದಿದೆ. ಅದನ್ನು ಅವರ ಸೋಮಾರಿತನದ ಫಲವೆಂದು ಹೇಳುವುದು ಅಸತ್ಯವೂ ಹೌದು, ಕ್ರೌರ್ಯವೂ ಹೌದು.

ಈ ಪ್ರಶ್ನೆ ಇಂದು ನಿನ್ನೆಯದಲ್ಲ. ರೋಮಿನ ಹಿರಿಯ ಕ್ಯಾಟೊ ಮುಪ್ಪಿನಲ್ಲಿ ಗ್ರೀಕ್ ಸಾಹಿತ್ಯವನ್ನು ಕಲಿತನೆಂದು ಸಿಸೆರೊ ಕ್ರಿಸ್ತಪೂರ್ವ 44ರಲ್ಲಿ ರಚಿಸಿದ ವೃದ್ಧಾಪ್ಯ ಕುರಿತ ಗ್ರಂಥದಲ್ಲಿ ಹೇಳುತ್ತಾನೆ. ಅವನ ನಂತರದ ಶತಮಾನದಲ್ಲಿ ಬಾಳಿದ ತತ್ತ್ವಜ್ಞಾನಿ ಸೆನೆಕಾ ಇದೇ ವಿಷಯದಲ್ಲಿ ಒಂದಕ್ಕೊಂದು ವಿರುದ್ಧವೆಂಬಂತೆ ತೋರುವ ಎರಡು ಮಾತುಗಳನ್ನಾಡಿದ್ದಾನೆ. ಅರವತ್ತು ದಾಟಿದ ಮೇಲೆ ಗೆಳೆಯ ಲುಸಿಲಿಯಸನಿಗೆ ಬರೆದ ಪತ್ರಗಳಲ್ಲಿ 36ನೆಯದರಲ್ಲಿ, ವಯಸ್ಸಾದವನು ಅಕ್ಷರಾಭ್ಯಾಸಕ್ಕೆ ಕೂರುವುದು ನಗೆಪಾಟಲಿನ ಸಂಗತಿ, ಯೌವನ ಸಂಪಾದಿಸುವ ಕಾಲ, ಮುಪ್ಪು ಸಂಪಾದಿಸಿದ್ದನ್ನು ಬಳಸುವ ಕಾಲ ಎಂಬ ಅಭಿಪ್ರಾಯವಿದೆ. ನಮ್ಮ ಗಿಡ-ಮರದ ಗಾದೆಯ ಧಾಟಿಯೇ ಇದು. ಆದರೆ 76ನೆಯ ಪತ್ರದಲ್ಲಿ ಅದೇ ಸೆನೆಕಾ, ತಾನು ಐದು ದಿನಗಳಿಂದ ಮಧ್ಯಾಹ್ನದ ಹೊತ್ತು ಒಬ್ಬ ತತ್ತ್ವಜ್ಞಾನಿಯ ಉಪನ್ಯಾಸ ಕೇಳಲು ಹೋಗುತ್ತಿರುವುದಾಗಿ ತಿಳಿಸುತ್ತಾನೆ. ಈ ವಯಸ್ಸಿನಲ್ಲೇ ಎಂದು ಕೇಳುವವರಿಗೆ, ಇಷ್ಟು ಕಾಲ ಕಲಿತಿಲ್ಲ ಎಂಬುದೇ ಮುಂದೆಯೂ ಕಲಿಯದಿರಲು ಕಾರಣವಾಗುವುದು ಮೂರ್ಖತನವಲ್ಲವೇ ಎಂಬ ಅರ್ಥದ ಉತ್ತರ ಕೊಡುತ್ತಾನೆ.

ಆ ಪತ್ರದಲ್ಲಿ ಮನ ಮುಟ್ಟುವ ಒಂದು ವಿವರವಿದೆ. ನೇಪಲ್ಸ್ ನಗರದಲ್ಲಿ ಆ ಗುರುವಿನ ಮನೆಗೆ ಹೋಗುವ ದಾರಿಯಲ್ಲಿ ಒಂದು ರಂಗಮಂದಿರ. ಉತ್ತಮ ಕೊಳಲುಗಾರ ಯಾರೆಂದು ತೀರ್ಮಾನಿಸಲು ಅಲ್ಲಿ ಜನ ಕಿಕ್ಕಿರಿದಿದ್ದಾರೆ. ಉತ್ತಮ ಮನುಷ್ಯ ಯಾರೆಂದು ವಿಚಾರಿಸುವ ಕೊಠಡಿಯಲ್ಲಾದರೋ ಬೆರಳೆಣಿಕೆಯ ಮಂದಿ. ಅವರನ್ನೂ ಲೋಕ ಕೆಲಸವಿಲ್ಲದವರೆಂದು ಕರೆಯುತ್ತದೆ. ಸೆನೆಕಾನ ಎರಡು ಮಾತುಗಳ ನಡುವಿನ ವಿರೋಧ ಇಲ್ಲಿ ಸಡಿಲವಾಗುತ್ತದೆಂದು ನನಗೆ ತೋರುತ್ತದೆ. ಸಂಪಾದನೆಗಾಗಿ ಕಲಿಯುವ ಕಲಿಕೆಗೆ ಒಂದು ವಯಸ್ಸಿದೆ, ಅದು ಮುಗಿಯುತ್ತದೆ. ಹೇಗೆ ಬಾಳಬೇಕೆಂಬ ಕಲಿಕೆಗೆ ವಯಸ್ಸಿಲ್ಲ. ಬಾಳುವುದು ಮುಗಿಯುವ ತನಕ ಅದು ಮುಗಿಯುವುದಿಲ್ಲ.

ಮನುಷ್ಯರೆಲ್ಲ ಸ್ವಭಾವತಃ ತಿಳಿಯಲು ಬಯಸುವವರು ಎಂಬ ವಿಚಾರದಿಂದಲೇ ಅರಿಸ್ಟಾಟಲ್ ತನ್ನ ತತ್ತ್ವಮೀಮಾಂಸೆಯ ಗ್ರಂಥವನ್ನು ಆರಂಭಿಸುತ್ತಾನೆ. ಏನಾದರೂ ಲಾಭವಾಗಲೆಂದಷ್ಟೇ ಅಲ್ಲ, ನೋಡುವುದರಲ್ಲಿಯೇ ಕಣ್ಣಿಗೆ ಸಂತೋಷವಿರುವಂತೆ ತಿಳಿಯುವುದರಲ್ಲಿಯೇ ಮನಸ್ಸಿಗೆ ಸಂತೋಷವಿದೆ ಎಂಬುದು ಅವನ ಅಭಿಪ್ರಾಯ. ನಾವು ಬಳಸುವ 'ಸ್ಕೂಲ್' ಎಂಬ ಪದದ ಮೂಲವಾದ ಗ್ರೀಕ್ ಪದ 'ಸ್ಖೋಲೆ'ಗೆ ಬಿಡುವು ಎಂದೇ ಅರ್ಥ. ಇಂದು ನಮ್ಮ ಮಕ್ಕಳಿಗೆ ಶಾಲೆಯೆಂದರೆ ಬಿಡುವಿಲ್ಲದ ಸ್ಥಳವೆಂದಾಗಿರುವುದು ವಿಪರ್ಯಾಸ. ಅಂಕಗಳಿಗಾಗಿ, ಪ್ರವೇಶ ಪರೀಕ್ಷೆಗಳಿಗಾಗಿ, ಉದ್ಯೋಗಕ್ಕಾಗಿ ಕಲಿಯುವ ನಾವು, ಕಲಿಕೆಗೆ ಅದರದೇ ಆದ ಸೊಗಸಿದೆಯೆಂಬುದನ್ನು ನಿವೃತ್ತಿಯಾಗುವ ತನಕ ಕಂಡುಕೊಳ್ಳದೆ ಇರಬಹುದು. ಈ ದೃಷ್ಟಿಯಿಂದ ನೋಡಿದರೆ, ಆ ಸಭಾಂಗಣದಲ್ಲಿ ಊರುಗೋಲು ಹಿಡಿದು ಕುಳಿತವರೇ ಪದದ ಮೂಲಾರ್ಥದಲ್ಲಿ ಶಾಲೆಗೆ ಬಂದವರು.

'ಆದರೆ ಕಲಿತದ್ದೆಲ್ಲ ಸಾವಿನೊಂದಿಗೆ ಹೋಗಿಬಿಡುವುದಲ್ಲ!' ಎಂದು ಯಾರಾದರೂ ಆಕ್ಷೇಪಿಸಬಹುದು. ಹೌದು, ಹೋಗುತ್ತದೆ. ಇಪ್ಪತ್ತು ವರ್ಷದವನು ಕಲಿತದ್ದೂ ಒಂದು ದಿನ ಹಾಗೆಯೇ ಹೋಗುತ್ತದೆ. ನಡುವೆ ಇರುವುದು ದಿನಗಳ ಲೆಕ್ಕದ ವ್ಯತ್ಯಾಸ ಅಷ್ಟೇ. ಮುಗಿಯುತ್ತದೆಂಬ ಕಾರಣಕ್ಕೆ ನಾವು ಹಾಡನ್ನು ವ್ಯರ್ಥವೆನ್ನುವುದಿಲ್ಲ. ಹಬ್ಬದ ಊಟ ಸಂಜೆಗೆ ಜೀರ್ಣವಾಗುತ್ತದೆಂದು ಅಡುಗೆ ಮಾಡದೆ ಇರುವುದೂ ಇಲ್ಲ. ಕೊನೆಯ ತನಕ ಉಳಿಯುವುದು ಮಾತ್ರ ಬೆಲೆಯುಳ್ಳದ್ದು ಎಂಬ ವಾದವನ್ನು ಒಪ್ಪಿದರೆ ಪ್ರೀತಿ, ಸ್ನೇಹ, ಆರೈಕೆ ಯಾವುದಕ್ಕೂ ಬೆಲೆ ಉಳಿಯಲಾರದು.

ಹಾಗೆಂದು ಎಲ್ಲ ತಿಳಿವಳಿಕೆಯೂ ಒಂದೇ ಬಗೆಯದಲ್ಲ. 13ನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ತಿಳಿಯುವ ಬಯಕೆಯನ್ನೂ ಹಸಿವು ಬಾಯಾರಿಕೆಗಳಂತೆಯೇ ಹದದಲ್ಲಿಡಬೇಕಾದ ಬಯಕೆಯೆಂದು ಪರಿಗಣಿಸಿ, ಅದನ್ನು ಮಿತಸಂಯಮವೆಂಬ ಸದ್ಗುಣದ ವ್ಯಾಪ್ತಿಯಲ್ಲಿ ವಿವೇಚಿಸಿದರು. ಹದವರಿತ ಜ್ಞಾನಾಸಕ್ತಿಯನ್ನು ಸದ್ಗುಣವೆಂದೂ, ಅಡ್ಡಾದಿಡ್ಡಿ ಕುತೂಹಲವನ್ನು ಅವಗುಣವೆಂದೂ ಬೇರ್ಪಡಿಸಿದರು. ಸೋಮವಾರ ಈಜಿಪ್ಟಿನ ಪಿರಮಿಡ್ಡು, ಮಂಗಳವಾರ ಕಪ್ಪುರಂಧ್ರ, ಬುಧವಾರ ಫ್ರಾನ್ಸಿನ ಅಡುಗೆ ಎಂದು ವಿಷಯದಿಂದ ವಿಷಯಕ್ಕೆ ಹಾರುತ್ತ, ಯಾವುದೂ ತನ್ನನ್ನು ಮುಟ್ಟದಂತೆ ಎಚ್ಚರ ವಹಿಸಿ ಮನರಂಜನೆ ಪಡೆಯುವುದು ಸಾಧ್ಯವಿದೆ. ಅದು ಪಾಪವೇನಲ್ಲ. ಆದರೆ ಅಲ್ಲಿ ಕಲಿಕೆ ನಡೆದಿದೆಯೇ? ಕಲಿಕೆಯೆಂದರೆ ಬದಲಾಗಲು ಸಿದ್ಧನಿರುವುದು. ಮುಪ್ಪಿನಲ್ಲಿ ಅದು ಅತ್ಯಂತ ಕಷ್ಟವಾದದ್ದು, ಏಕೆಂದರೆ ಆಗ ಬದಲಾಯಿಸಿಕೊಳ್ಳಬೇಕಾದ ಅಭಿಪ್ರಾಯದ ಹಿಂದೆ ಒಂದು ಇಡೀ ಬದುಕು ನಿಂತಿರುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಿ. ಮೂವತ್ತೈದು ವರ್ಷ ಪಾಠ ಹೇಳಿ ನಿವೃತ್ತರಾದ ಶಿಕ್ಷಕರೊಬ್ಬರು ತಮ್ಮ ವಸತಿ ಸಮುದಾಯದಲ್ಲಿ ಒಂದು ಮಧ್ಯಾಹ್ನ ಡಿಸ್ಲೆಕ್ಸಿಯಾ ಕುರಿತ ಉಪನ್ಯಾಸಕ್ಕೆ ಹೋಗುತ್ತಾರೆ. ಬುದ್ಧಿವಂತ ಮಕ್ಕಳಿಗೂ ಅಕ್ಷರಗಳನ್ನು ಗುರುತಿಸಿ ಓದುವುದು ಕಷ್ಟವಾಗುವ ಸ್ಥಿತಿ ಅದು. ಅದು ಸೋಮಾರಿತನವಲ್ಲ, ಹಟವೂ ಅಲ್ಲ ಎಂದು ಉಪನ್ಯಾಸಕಿ ವಿವರಿಸುತ್ತಾಳೆ. ಆಗ ಶಿಕ್ಷಕರಿಗೆ ನಲವತ್ತು ವರ್ಷಗಳ ಹಿಂದಿನ ಒಂದು ತರಗತಿ, ಹಿಂದಿನ ಬೆಂಚು, ದಿನವೂ ಬೈಸಿಕೊಳ್ಳುತ್ತಿದ್ದ ಒಬ್ಬ ಹುಡುಗ ನೆನಪಾಗುತ್ತಾರೆ. ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಆ ಜ್ಞಾನ ಅಂದೇ ಇದ್ದಿದ್ದರೆ ಒಂದು ಬಾಲ್ಯ ಉಳಿಯುತ್ತಿತ್ತು. ಇಂದು ಅದರಿಂದ ಯಾರಿಗೂ ನೇರವಾದ ಲಾಭವಿಲ್ಲ.

ಹಾಗಾದರೆ ಅವರು ಆ ದಿನ ಕೊಠಡಿಯಲ್ಲಿಯೇ ಮಲಗಿದ್ದರೆ ಒಳ್ಳೆಯದಿತ್ತೇ? ನೆಮ್ಮದಿಯ ದೃಷ್ಟಿಯಿಂದ ಹೌದು ಎನ್ನಬಹುದು. ಆದರೆ ನಮ್ಮಲ್ಲಿ ಯಾರಾದರೂ ನಿಜವಾಗಿ ಅದನ್ನು ಬಯಸುತ್ತೇವೆಯೇ? ಒಂದು ಮಗುವಿನ ಬಗ್ಗೆ ತಪ್ಪು ತೀರ್ಪನ್ನು ಕೊನೆಯವರೆಗೂ ಹೊತ್ತುಕೊಂಡೇ ಹೋಗುವುದಕ್ಕಿಂತ, ತಡವಾಗಿಯಾದರೂ ಆ ತೀರ್ಪನ್ನು ಹಿಂದೆಗೆದುಕೊಳ್ಳುವುದು ಮೇಲು. ಆ ಹುಡುಗನಿಗೆ ಆತನ ಅರಿವಿಲ್ಲದೆಯೇ ನ್ಯಾಯ ದೊರೆಯಿತು. ಶಿಕ್ಷಕರಿಗೆ ದೊರೆತದ್ದು ನೋವು. ಆದರೆ ಸತ್ಯದ ಜೊತೆಗೆ ಬಂದ ನೋವು. ಮೊಮ್ಮಗಳೊಬ್ಬಳು ಓದುವಾಗ ತಡವರಿಸಿದರೆ ಅವರು ಈಗ ಆಡುವ ಮಾತೇ ಬೇರೆಯಾಗಿರುತ್ತದೆ. ಇಳಿವಯಸ್ಸಿನ ಕಲಿಕೆಯ ನೈತಿಕ ತಿರುಳು ಇಲ್ಲಿದೆ. ಎಳೆಯರು ಮುಂದಿನ ಬದುಕಿಗಾಗಿ ಕಲಿಯುತ್ತಾರೆ; ಹಿರಿಯರು ಹಿಂದಿನ ಬದುಕನ್ನು ಸರಿಯಾಗಿ ನೋಡಲಿಕ್ಕೂ ಕಲಿಯುತ್ತಾರೆ. ನಡೆದದ್ದನ್ನು ಬದಲಾಯಿಸಲಾಗದು, ಆದರೆ ನಡೆದದ್ದರ ಅರ್ಥ ಇನ್ನೂ ಮುಗಿದಿಲ್ಲ.

ಇದನ್ನು ಒಪ್ಪುವುದಾದರೆ ಹಿರಿಯರನ್ನು ಬರೀ ಶ್ರೋತೃಗಳನ್ನಾಗಿ ಕೂರಿಸಿದರೆ ಸಾಲದು. ತುಲೂಸಿನ ಮಾದರಿಯಲ್ಲಿ ಪ್ರಾಧ್ಯಾಪಕರು ಉಪನ್ಯಾಸ ನೀಡುತ್ತಿದ್ದರು, ಹಿರಿಯರು ಕೇಳುತ್ತಿದ್ದರು. 1981-82ರಲ್ಲಿ ಈ ಕಲ್ಪನೆ ಬ್ರಿಟನ್ನಿಗೆ ಬಂದಾಗ ಇತಿಹಾಸಕಾರ ಪೀಟರ್ ಲಾಸ್ಲೆಟ್, ಸಮಾಜಶಾಸ್ತ್ರಜ್ಞ ಮೈಕೇಲ್ ಯಂಗ್, ಶಿಕ್ಷಣತಜ್ಞ ಎರಿಕ್ ಮಿಡ್‌ವಿಂಟರ್ ಅವರು ಅದನ್ನು ಬೇರೆ ರೀತಿಯಲ್ಲಿ ರೂಪಿಸಿದರು. ಅಲ್ಲಿ ಗುರು-ಶಿಷ್ಯರೆಂಬ ಎರಡು ವರ್ಗಗಳಿಲ್ಲ. ಇಂದು ಕಲಿಸಿದವರು ನಾಳೆ ಕಲಿಯುತ್ತಾರೆ; ನಿವೃತ್ತ ನರ್ಸ್ ಒಬ್ಬರು ಸಸ್ಯಗಳ ಬಗ್ಗೆ ಹೇಳಿದರೆ, ರೈಲ್ವೆಯಲ್ಲಿದ್ದವರು ನಕ್ಷೆ ಓದುವುದನ್ನು ಕಲಿಸಬಹುದು. ಯಾರಿಗೂ ಸಂಬಳವಿಲ್ಲ, ಪದವಿಯೂ ಇಲ್ಲ. ಅಲ್ಪ ಚಂದಾ ಮಾತ್ರ. ಇಂಥ ಸುಮಾರು 1000 ಸ್ಥಳೀಯ ಗುಂಪುಗಳು ಇಂದು ಬ್ರಿಟನ್ನಿನಲ್ಲಿವೆ. ತನ್ನ ಬಳಿ ಕೊಡಲು ಇನ್ನೂ ಏನೋ ಇದೆ, ಅದನ್ನು ಕೇಳಲು ಜನರಿದ್ದಾರೆ ಎಂಬ ಅನುಭವ ಎಂಥ ಉತ್ತಮ ಉಪನ್ಯಾಸವೂ ಕೊಡಲಾರದ್ದು.

ಆದರೂ ಈ ಚಿತ್ರಕ್ಕೆ ಒಂದು ನೆರಳಿದೆ. ಅದನ್ನು ಮರೆಮಾಚುವುದು ಸರಿಯಲ್ಲ. ಅಮೆರಿಕದ ಅನೇಕ ನಿವೃತ್ತರ ಸಮುದಾಯಗಳಿಗೆ ಸೇರಲು ದೊಡ್ಡ ಮೊತ್ತದ ಪ್ರವೇಶ ಧನವನ್ನೂ ತಿಂಗಳ ಶುಲ್ಕವನ್ನೂ ತೆರಬೇಕು. ಆ ಆವರಣವನ್ನು ಗುಡಿಸಿ, ಅಡುಗೆ ಮಾಡಿ, ಹಿರಿಯರನ್ನು ಸ್ನಾನ ಮಾಡಿಸಿ ಮುಪ್ಪಾದವರಿಗೆ ಆ ಉಪನ್ಯಾಸದ ಕುರ್ಚಿ ದೊರೆಯುವುದು ಅಪರೂಪ. ತಿಳಿಯುವ ಬಯಕೆ ಎಲ್ಲ ಮನುಷ್ಯರ ಸ್ವಭಾವವಾಗಿದ್ದರೆ, ಅದನ್ನು ತಣಿಸುವ ಬಿಡುವು ಉಳ್ಳವರ ಸೊತ್ತು ಮಾತ್ರವಾಗುವುದು ಅನ್ಯಾಯ.

ಎರಡನೆಯ ನೆರಳು ಇನ್ನೂ ಆಳವಾದದ್ದು. ಪೀಟರ್ ಲಾಸ್ಲೆಟ್ 1989ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬದುಕನ್ನು ನಾಲ್ಕಾಗಿ ವಿಂಗಡಿಸಿದರು. ಮೊದಲನೆಯದು ಅವಲಂಬನೆಯ ಬಾಲ್ಯ, ಎರಡನೆಯದು ದುಡಿಮೆಯ ಕಾಲ, ಮೂರನೆಯದು ನಿವೃತ್ತಿಯ ನಂತರ ತನ್ನನ್ನು ತಾನು ಪೂರ್ಣಗೊಳಿಸಿಕೊಳ್ಳುವ ಕಾಲ, ನಾಲ್ಕನೆಯದು ದೇಹ-ಮನಸ್ಸುಗಳು ಸೋತು ಮತ್ತೆ ಪರಾವಲಂಬಿಯಾಗುವ ಕಾಲ. ಮೂರನೆಯ ವಯಸ್ಸಿನ ಸಾಮರ್ಥ್ಯವನ್ನು ಎಷ್ಟೆಷ್ಟು ಕೊಂಡಾಡುತ್ತೇವೆಯೋ ಅಷ್ಟಷ್ಟು ನಾಲ್ಕನೆಯದು ಅವಮಾನದಂತೆ ಕಾಣತೊಡಗುತ್ತದೆ. ವಸತಿ ಸಮುದಾಯದ ಒಂದೇ ಆವರಣದಲ್ಲಿ ಈ ಎರಡೂ ವಯಸ್ಸುಗಳು ಅಕ್ಕಪಕ್ಕದ ಕಟ್ಟಡಗಳಲ್ಲಿವೆ. ಇಂದು ಮುಂದಿನ ಸಾಲಿನಲ್ಲಿ ಕುಳಿತು ಚುರುಕಾದ ಪ್ರಶ್ನೆ ಕೇಳುವಾಕೆ ಎರಡು ವರ್ಷಗಳ ನಂತರ ಪಕ್ಕದ ಶುಶ್ರೂಷಾ ವಿಭಾಗದಲ್ಲಿ ತನ್ನ ಹೆಸರನ್ನೇ ಹುಡುಕುತ್ತಿರಬಹುದು. ಆಗ ಉಪನ್ಯಾಸದ ಗೆಳೆಯರು ಆ ಐವತ್ತು ಹೆಜ್ಜೆ ನಡೆದು ಅವಳ ಬಳಿ ಹೋಗುತ್ತಾರೆಯೇ?

ಮನುಷ್ಯನ ಘನತೆಗೆ ಕಲಿಯುವ ಸಾಮರ್ಥ್ಯವೇ ಆಧಾರವೆಂದು ನಾವು ಹೇಳಿದ್ದಾದರೆ, ಹೋಗಬೇಕಾದ ಕಾರಣವೇ ಇರುವುದಿಲ್ಲ. ಹಿರಿಯರು ಕಲಿಯಬೇಕೆಂದು ನಾವು ಬಯಸುವುದು ಕಲಿತರೆ ಮಾತ್ರ ಅವರಿಗೆ ಬೆಲೆಯೆಂದಲ್ಲ. ಅವರಿಗೆ ಬೆಲೆಯಿರುವುದರಿಂದಲೇ ಅತ್ಯುತ್ತಮವಾದದ್ದನ್ನು ಅವರ ಮುಂದಿಡುತ್ತೇವೆ. ಈ ಕ್ರಮ ತಲೆಕೆಳಗಾಗಬಾರದು. ಮಗುವಿಗೆ ಅರ್ಥವಾಗುವುದಿಲ್ಲವೆಂದು ತಾಯಿ ಅದರೊಡನೆ ಮಾತು ನಿಲ್ಲಿಸುವುದಿಲ್ಲ. ಹಾಗೆಯೇ ಅರ್ಥ ಕಳೆದುಕೊಳ್ಳುತ್ತಿರುವವರೊಡನೆಯೂ ಮಾತು ನಿಲ್ಲಬಾರದು. ಮಾತು ಹಿಡಿಯಲಾಗದವರು ಹಾಡನ್ನು ಹಿಡಿಯಬಹುದು, ಹೆಸರು ಮರೆತವರು ಕೈಯ ಸ್ಪರ್ಶವನ್ನು ಗುರುತಿಸಬಹುದು. ಆದ್ದರಿಂದ ಇಂಥ ಉಪನ್ಯಾಸ ಮಾಲಿಕೆ ಎಷ್ಟು ಶ್ರೇಷ್ಠವೆಂಬುದನ್ನು ವೇದಿಕೆಯ ಮೇಲಿನ ವಿದ್ವಾಂಸನಿಂದ ಅಳೆಯುವುದಕ್ಕಿಂತ, ಅಲ್ಲಿ ತೂಕಡಿಸಿದವರನ್ನು, ಕೇಳಿದ್ದನ್ನೇ ಮೂರು ಬಾರಿ ಕೇಳಿದವರನ್ನು, ಬರುವುದನ್ನು ನಿಲ್ಲಿಸಿದವರನ್ನು ಹೇಗೆ ಕಾಣುತ್ತಾರೆಂಬುದರಿಂದ ಅಳೆಯುವುದು ಸೂಕ್ತ.

ಪ್ರಿಯ ಓದುಗರೇ, ಇದೆಲ್ಲ ದೂರದ ದೇಶಗಳ ಕಥೆಯೆಂದು ಪುಟ ತಿರುಗಿಸಬೇಡಿ. 2011ರ ಜನಗಣತಿಯಂತೆ ಭಾರತದಲ್ಲಿ 60 ವರ್ಷ ಮೀರಿದವರ ಸಂಖ್ಯೆ ಸುಮಾರು 10.4 ಕೋಟಿ, ಆಮೇಲೆ ಅದು ಬೆಳೆಯುತ್ತಲೇ ಇದೆ. ಬೆಂಗಳೂರಿನಂಥ ನಗರಗಳಲ್ಲಿ ನಿವೃತ್ತರಿಗೆಂದೇ ಕಟ್ಟಿದ ವಸತಿ ಸಮುಚ್ಚಯಗಳು ಬಂದಿವೆ. ಮಕ್ಕಳು ವಿದೇಶದಲ್ಲಿರುವ, ತಂದೆತಾಯಿ ಇಬ್ಬರೇ ಮನೆ ಕಾಯುವ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿ ಅಪರೂಪವಲ್ಲ. ಆದರೂ ನಮ್ಮ ಹಿರಿಯರಲ್ಲಿ ಬಹುಪಾಲು ಮಂದಿ ಬಾಳುತ್ತಿರುವುದು ಮನೆಗಳಲ್ಲಿಯೇ. ಅವರಿಗೆ ಸಭಾಂಗಣವಿಲ್ಲ, ಪ್ರಾಧ್ಯಾಪಕರಿಲ್ಲ. ಅವರ ಪಾಲಿಗೆ ಕಲಿಕೆಯ ಬಾಗಿಲು ತೆರೆಯುವುದಿದ್ದರೆ ನಮ್ಮ ಮಾತಿನ ಮೂಲಕವೇ ತೆರೆಯಬೇಕು.

ನಮ್ಮ ಮನೆಗಳಲ್ಲಿ ಹಿರಿಯರನ್ನು ದಿನವೊಂದಕ್ಕೆ ಕೇಳುವ ಪ್ರಶ್ನೆಗಳನ್ನು ಎಣಿಸಿ ನೋಡಿ. 'ಊಟ ಆಯಿತಾ?' 'ಮಾತ್ರೆ ತೆಗೆದುಕೊಂಡಿರಾ?' 'ನಿದ್ದೆ ಬಂತಾ?' ಇವು ಪ್ರೀತಿಯ ಪ್ರಶ್ನೆಗಳೇ, ಸಂದೇಹವಿಲ್ಲ. ಆದರೆ ಮೂರೂ ದೇಹಕ್ಕೆ ಸಂಬಂಧಿಸಿದವು. 'ಈ ವಿಷಯದಲ್ಲಿ ನಿಮ್ಮ ಅಭಿಪ್ರಾಯವೇನು?' ಎಂದು ಅಜ್ಜನನ್ನು ಕೇಳಿ ಎಷ್ಟು ದಿನಗಳಾದವು? ಶಾಲೆಯಲ್ಲಿ ಕಲಿತ ಒಂದು ಹೊಸ ಸಂಗತಿಯನ್ನು ಮೊಮ್ಮಗ ಅಜ್ಜಿಗೆ ವಿವರಿಸಿ ಹೇಳಿದ್ದು ಯಾವಾಗ? ಟಿವಿಯ ಮುಂದೆ ಕೂರಿಸಿ ಧ್ವನಿ ಹೆಚ್ಚಿಸಿದೊಡನೆ ನಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುವಾಗ, ನಾವೂ ಅವರ ಕಾಲವನ್ನು 'ಕಳೆಯಿಸುವ' ಕೆಲಸಕ್ಕೇ ಇಳಿದಿರುತ್ತೇವೆ.

ಇದಕ್ಕೆ ದೊಡ್ಡ ಯೋಜನೆ ಬೇಡ. ಕಣ್ಣು ಮಂಜಾದವರಿಗೆ ದಿನಪತ್ರಿಕೆಯ ಒಂದು ಲೇಖನವನ್ನು ಓದಿ ಹೇಳಿ, ಅದರ ಬಗ್ಗೆ ಅವರೊಡನೆ ವಾದ ಮಾಡಬಹುದು. ವಯಸ್ಸಾದವರೆಂದು ಎಲ್ಲದಕ್ಕೂ ತಲೆಯಾಡಿಸುವುದಕ್ಕಿಂತ ಭಿನ್ನಾಭಿಪ್ರಾಯ ತೋರಿಸುವುದು ಎಷ್ಟೋ ಸಲ ಹೆಚ್ಚಿನ ಗೌರವ. ಕಿವಿ ಮಂದವಾದವರಿಗೆ ಶ್ರವಣಯಂತ್ರ ಕೊಡಿಸುವುದನ್ನು ಮುಂದೂಡದಿರಬಹುದು. ವಾರಗಳ ಪ್ರಾರ್ಥನಾಕೂಟಗಳಿಗೆ ಬಳಸುವ ಧರ್ಮಕೇಂದ್ರದ ಸಭಾಭವನವನ್ನು ತಿಂಗಳಿಗೊಂದು ಮಧ್ಯಾಹ್ನ ಊರಿನ ಎಲ್ಲ ಹಿರಿಯರಿಗೆ ತೆರೆದಿಟ್ಟು, ಅವರಲ್ಲಿಯೇ ಒಬ್ಬರು ತಾವು ಬಲ್ಲದ್ದನ್ನು ಹೇಳುವಂತೆ ಮಾಡಬಹುದು. ಕಾಫಿ ತೋಟದಲ್ಲಿ ದುಡಿದವರು ಮಣ್ಣಿನ ಬಗ್ಗೆ, ಅಂಚೆ ಹಂಚಿದವರು ಊರು ಬೆಳೆದ ಬಗೆಯ ಬಗ್ಗೆ ಮಾತನಾಡಲಿ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಹಿರಿಯರಿಗೆ ಮೊಬೈಲ್ ಫೋನಿನ ಮೋಸಕರೆಗಳನ್ನು ಗುರುತಿಸುವುದನ್ನು ಕಲಿಸಲಿ. ಬರಲಾಗದವರ ಮನೆಗೆ ಇಬ್ಬರು ಹೋಗಿ, ಅಂದು ಏನು ಮಾತಾಯಿತೆಂದು ಹೇಳಿ ಬರಲಿ. ಈ ಕೊನೆಯದನ್ನು ಮಾತ್ರ ಬಿಡಬಾರದು.

ಮರ ಬಗ್ಗುವುದಿಲ್ಲವೆಂಬ ಗಾದೆಯಲ್ಲಿ ಸತ್ಯವಿದೆ, ಕಾಂಡ ಬಗ್ಗುವುದಿಲ್ಲ. ಆದರೆ ಎಷ್ಟು ಹಳೆಯ ಮರವಾದರೂ ಜೀವವಿರುವಷ್ಟು ಕಾಲ ಚಿಗುರು ಮಾತ್ರ ಹೊಸದನ್ನೇ ಬಿಡುತ್ತದೆ. ಅದಕ್ಕೆ ನೀರು ಹಾಕುವವರು ಯಾರೆಂಬುದೇ ಪ್ರಶ್ನೆ. ಇಂದು ಸಂಜೆ ಮನೆಯ ಹಿರಿಯರ ಬಳಿ ಕುಳಿತಾಗ, ಮಾತ್ರೆಯ ಪ್ರಶ್ನೆ ಮುಗಿದ ಮೇಲೆ, ಉತ್ತರ ನಮಗೂ ಗೊತ್ತಿಲ್ಲದ ಒಂದು ಪ್ರಶ್ನೆಯನ್ನು ಅವರ ಮುಂದಿಡೋಣ. ಅವರು ಹೇಳುವುದನ್ನು ಕೊನೆಯವರೆಗೂ ಕೇಳೋಣ.